ಎಲುಬಿನ ಬಣ್ಣ

ಅಪ್ಪ ಜೀವಮಾನದಲ್ಲಿ ನನ್ನನ್ನು ಹೊಡೆದದ್ದು ಒಂದೇ ಸಲ. ಆಗ ನನಗೆ ಮೂವತ್ತೊಂದು ವರ್ಷ, ಬಿ.ಎಸ್ಸಿ. ಮುಗಿದು ಹತ್ತು ವರ್ಷವಾಗಿತ್ತು. ಹೊಡೆದದ್ದು ಎತ್ತಿನ ತೊಡೆಯೆಲುಬಿನಿಂದ.

ಮೊದಲ ಏಟು ಮೊಣಕೈಗೆ ಬಿತ್ತು, ಎರಡನೆಯದು ಕಿವಿಯ ಹಿಂದೆ. ಮೂರನೆಯದನ್ನು ನಾನು ತಡೆದು ಹಿಡಿದೆ. ಹಿಡಿದ ಮೇಲೆ ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ, ಅದು ಹೆಮ್ಮೆಯ ಮಾತಲ್ಲ. ಆ ಎಲುಬನ್ನು ಮನೆಗೆ ತಂದವನು ನಾನೇ. ಒಂದಲ್ಲ, ಚೀಲ ತುಂಬ ತಂದಿದ್ದೆ.

ರಾಯಚೂರಿನ ಹಳೆ ಬಜಾರದ ಓಣಿಯೊಂದರಲ್ಲಿ ಬಂದೂಕು ರಿಪೇರಿ ಅಂಗಡಿ ಇದೆ. ಅಂಗಡಿಯೂ ಲೈಸೆನ್ಸೂ ನನಗೆ ಕೆಲಸ ಕಲಿಸಿದ ಉಸ್ತಾದರದು, ಅವರ ತಾತನ ಕಾಲದಿಂದ ಬಂದದ್ದು. ಸರ್ಕಾರಕ್ಕೆ ತೋರಿಸುವ ರಿಜಿಸ್ಟರನ್ನು ಇಂಗ್ಲಿಷಿನಲ್ಲಿ ಬರೆಯಲು ಅವರಿಗೆ ಒಬ್ಬ ಓದಿದವನು ಬೇಕಿತ್ತು. ನನಗೆ ಒಂದು ಕುರ್ಚಿ ಬೇಕಿತ್ತು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು, ಅದೂ ರಸಾಯನಶಾಸ್ತ್ರದಲ್ಲಿ, ಅದೂ ಮೊದಲ ದರ್ಜೆಯಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ಹೊತ್ತ ಅಪ್ಪನ ಬೆನ್ನಿನ ಮೇಲೆ ಕೂತು ಪಡೆದ ಡಿಗ್ರಿ ಅದು. ನೌಕರಿಯ ಪರೀಕ್ಷೆ ಬರೆದೆ, ಪಟ್ಟಿಯಲ್ಲಿ ಪ್ರತಿ ಸಲ ಒಂದೆರಡು ಹೆಸರು ಕೆಳಗೆ ಉಳಿದೆ. ಉಸ್ತಾದರ ಅಂಗಡಿಯಲ್ಲಿ ಪೆನ್ನು ಹಿಡಿದು ಕೂತವನು ಎರಡು ವರ್ಷದಲ್ಲಿ ಅರ ಹಿಡಿದೆ, ನಾಲ್ಕು ವರ್ಷದಲ್ಲಿ ಅವರ ಕಣ್ಣಾದೆ. ಅವರ ಕಣ್ಣಿಗೆ ಪೊರೆ ಬಂದಿತ್ತು.

ನಮ್ಮಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅಲ್ಲಿ ಅವು ಒಂದರ ಮೇಲೊಂದು ಬಿದ್ದು, ಬೆವರು ಕೈಗಳ ಗುರುತಿನ ಮೇಲೆ ತುಕ್ಕು ಬೆಳೆಸಿಕೊಂಡು, ಫಲಿತಾಂಶ ಬಂದ ಮೇಲೆ ಹೊರಗೆ ಬರುತ್ತವೆ. ಆಗ ನಮಗೆ ಸುಗ್ಗಿ. ಜಿಲ್ಲೆಯಲ್ಲಿ ಈ ಕೆಲಸ ಮಾಡುವ ಕೈ ಬೇರೆ ಇಲ್ಲದ ಕಾರಣ ಪ್ರತಿ ಬಂದೂಕೂ ಇವತ್ತಲ್ಲ ನಾಳೆ ನಮ್ಮ ಮೇಜಿಗೆ ಬರಲೇಬೇಕು. ಹಾಗೆಯೇ ಅದೂ ಬಂತು.

ದೇವದುರ್ಗ ತಾಲೂಕಿನ, ಹೊಳೆಯ ದಂಡೆಯ ಒಂದು ಹಳ್ಳಿಯ ದೊಡ್ಡ ಮನೆಯ ಜೋಡುನಳಿಗೆಯ ಬಂದೂಕು ಅದು. ತಂದವನನ್ನು ಆ ಊರಿನವರು ದಣಿ ಅನ್ನುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಐವತ್ತರ ಆಸುಪಾಸು, ಇಸ್ತ್ರಿಯ ಬಿಳಿ ಅಂಗಿ. ಬಂದೂಕು ಅವನ ತಾತ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ ವಿಲಾಯತಿ ಮಾಲು. ನಳಿಗೆ ಮತ್ತು ಹೆಗಲಿಗೆ ಆನಿಸುವ ಮರದ ಹಿಡಿ, ಅಂದರೆ ಕುಂದಾ, ಕೂಡುವ ನಡುವಿನ ಉಕ್ಕಿನ ಭಾಗಕ್ಕೆ ನಾವು ಬಾಡಿ ಅನ್ನುತ್ತೇವೆ. ಕುದುರೆ, ಸ್ಪ್ರಿಂಗು ಎಲ್ಲ ಅದರೊಳಗೆ. ಅದು ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ನಳಿಗೆ ಮಡಚುವ ಕೀಲಿನೊಳಗೆ, ಕೈ ತಾಗದ ಮೂಲೆಯಲ್ಲಿ ಮಾತ್ರ, ಉಗುರಿನಷ್ಟು ಹಳೆಯ ಬಣ್ಣ ಉಳಿದಿತ್ತು. ನೀಲಿಯೊಳಗೆ ಕಂದು, ಕಂದಿನೊಳಗೆ ಜೋಳದ ದಂಟಿನ ಹಳದಿ, ಪಾರಿವಾಳದ ಕೊರಳಿನ ಹಾಗೆ.

"ಇಡೀ ಬಾಡಿ ಹೀಂಗ ಆಗಬೇಕು" ಎಂದ ದಣಿ. "ಮಾನವಮಿ ಖಂಡೇ ಪೂಜಿಗಿ ಕತ್ತಿ ಕಠಾರಿ ಜೋಡಿ ಇಡಬೇಕು. ಹೊಸಾ ಬೀಗರು ಬರಾಕತ್ಯಾರ. ಮಾಡೋರು ಯಾರು, ಈ ಹುಡುಗೇನು?"

"ನನ್ನ ಕಣ್ಣು ಹ್ವಾದ್ವು ಸಾಹೇಬ್ರ" ಎಂದರು ಉಸ್ತಾದರು. "ಈಗ ಕೈ ಇವಂದು."

ದಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಪೈಕಿ ತಮ್ಮಾ ನೀ?"

"ಬಿ.ಎಸ್ಸಿ. ಪೈಕಿ ರೀ."

ಉಸ್ತಾದರು ಸುಮ್ಮನೆ ಕೆಮ್ಮಿದರು. ನಾನು ರಿಜಿಸ್ಟರಿನಲ್ಲಿ ಊರಿನ ಹೆಸರು ಬರೆದುಕೊಂಡೆ. ಅದು ನಮ್ಮೂರು. ನಾನು ಹುಟ್ಟುವ ಮೊದಲು ನಮ್ಮವರು ಬಿಟ್ಟುಬಂದ ಊರು. ಕುಂದಾದ ಕುತ್ತಿಗೆಯಲ್ಲಿ ಒಂದು ಸೀಳು ಇತ್ತು, ಅದರ ಮೇಲೆ ಹಿತ್ತಾಳೆಯ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ನಾನು ಆ ಸೀಳನ್ನು ನೋಡಿದೆ, ಅದು ಏನೆಂದು ಗೊತ್ತಾಯಿತು, ಆದರೂ ಕೆಲಸ ಹಿಡಿದೆ. ಆ ಮನೆಯ ಬಂದೂಕು ನನ್ನ ಮೇಜಿನ ಮೇಲೆ ಬಿಚ್ಚಿ ಬತ್ತಲೆಯಾಗಿ ಬೀಳಲಿ, ಅದಕ್ಕೆ ಮತ್ತೆ ಬಣ್ಣ ಬರುವುದಿದ್ದರೆ ನನ್ನ ಓದಿನಿಂದ ಬರಲಿ ಎಂಬ ಸೊಕ್ಕು ನನಗೆ. ಮನೆಯಲ್ಲಿ ಹೇಳಲಿಲ್ಲ.

ಈ ಬಣ್ಣ ಹಚ್ಚುವ ಬಣ್ಣವಲ್ಲ. ಉಸ್ತಾದರು ಹಿಂದೆ ಗ್ಯಾಸಿನ ಉರಿ ತಾಗಿಸಿ ಒಂಥರಾ ನೀಲಿ ಬರಿಸುತ್ತಿದ್ದರು. ಅದು ನೋಡಲಿಕ್ಕಷ್ಟೇ, ಆರು ತಿಂಗಳಿಗೆ ಅಳಿಸಿಹೋಗುತ್ತಿತ್ತು, ಉಕ್ಕು ಮೆತ್ತಗಾಗುವ ಭಯ ಬೇರೆ. ನಿಜವಾದ ಕೆಲಸ ಬೇರೆ. ಬಾಡಿಯನ್ನು ಅರ, ಕಲ್ಲು, ಉಸುಕುಕಾಗದದಿಂದ ತಿಕ್ಕಿ ಕನ್ನಡಿ ಮಾಡಬೇಕು. ಕಬ್ಬಿಣದ ಪೆಟ್ಟಿಗೆಯಲ್ಲಿ ಇದ್ದಿಲಿನ ನಡುವೆ ಹೂತು, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಭಟ್ಟಿಯಲ್ಲಿ ಗಂಟೆಗಟ್ಟಲೆ ಕೆಂಪಗೆ ಕಾಯಿಸಬೇಕು. ಆಮೇಲೆ ಒಂದೇ ಏಟಿಗೆ ನೀರಿಗೆ ಸುರಿಯಬೇಕು. ಇದ್ದಿಲಿನ ಇಂಗಾಲ ಉಕ್ಕಿನ ಚರ್ಮದೊಳಗೆ ಇಳಿದು ಅದನ್ನು ಗಟ್ಟಿ ಮಾಡುತ್ತದೆ. ನೀರು ಬಡಿದ ಆ ಕ್ಷಣದಲ್ಲಿ ಬಣ್ಣ ಹುಟ್ಟುತ್ತದೆ. ಮರದ ಇದ್ದಿಲಷ್ಟೇ ಹಾಕಿ ಹಳೆಯ ತುಂಡುಗಳ ಮೇಲೆ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಸತ್ತ ಮೀನಿನ ಹೊಟ್ಟೆಯಂಥ ಬೂದಿ ಬಣ್ಣ. ಹಳೆಯದೊಂದು ಇಂಗ್ಲಿಷ್ ಪುಸ್ತಕ ತಿರುವಿದಾಗ ಗೊತ್ತಾಯಿತು, ಅರ್ಧದಷ್ಟು ಎಲುಬಿನ ಇದ್ದಿಲು ಬೇಕು. ಎಲುಬನ್ನು ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟು ಕಪ್ಪಾಗಿಸಿ ಪುಡಿ ಮಾಡಿದ್ದು.

ನನ್ನ ಮಟ್ಟಿಗೆ ಎಲುಬೆಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಓದಿದವನ ತಪ್ಪು ಇದೇ ನೋಡಿ.

ಒಂದು ಭಾನುವಾರ ಊರ ಹೊರಗೆ ಸತ್ತ ದನ ಎಸೆಯುವ ತಗ್ಗಿಗೆ ಹೋಗಿ, ಬಿಸಿಲಿಗೆ ಒಣಗಿ ಬೆಳ್ಳಗಾದ ಎಲುಬುಗಳನ್ನು ಚೀಲಕ್ಕೆ ತುಂಬಿಕೊಂಡೆ. ಬಜಾರದ ಓಣಿಯಲ್ಲಿ ಹೂವಿನಂಗಡಿ, ಮಿಠಾಯಿ ಅಂಗಡಿಗಳ ನಡುವೆ ಅದನ್ನು ಸುಡುವಂತಿರಲಿಲ್ಲ. ಬೈಕಿನ ಹಿಂದೆ ಕಟ್ಟಿ ಮನೆಗೆ ತಂದೆ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಎಣ್ಣೆಯ ಡಬ್ಬಿಯಲ್ಲಿ ತುಂಬಿ ಬೆಂಕಿ ಹಾಕಿದೆ.

ಆ ವಾಸನೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹತ್ತು ನಿಮಿಷದಲ್ಲಿ ಕೇರಿಯ ಮುದುಕರೆಲ್ಲ ಹೊರಗೆ ಬಂದು ನಿಂತರು. ಹುಡುಗರು ಮೂಗು ಮುಚ್ಚಿಕೊಂಡರು, ಮುದುಕರು ಮುಚ್ಚಿಕೊಳ್ಳಲಿಲ್ಲ. ಅವರಿಗೆ ಅದು ಏನೆಂದು ಗೊತ್ತಿತ್ತು.

"ಯಾರ ಮನ್ಯಾಗಲೇ ಎಲುಬು ಸುಡಾಕತ್ತಾರ?"

"ಡಿಗ್ರಿ ಮನ್ಯಾಗ."

"ಹದಿನೈದು ವರ್ಷ ಓದಿ ಏನು ಕಲತು ಬಂದ ಅಂದ್ರ ಇದು!"

ಕೇರಿಯ ಬುದ್ಧವಿಹಾರದ ಉಸ್ತುವಾರಿ ನೋಡುವ ಹಿರಿಯರು ಹಿತ್ತಲಿಗೆ ನುಗ್ಗಿ ಡಬ್ಬಿಯನ್ನು ಕಾಲಿನಿಂದ ಒದ್ದರು. ಕೆಂಡ ಚೆಲ್ಲಿತು, ಅವರ ಪಾದ ಸುಟ್ಟಿತು, ಅವರು ಅದನ್ನು ಗಮನಿಸಲೂ ಇಲ್ಲ, ಮತ್ತೊಮ್ಮೆ ಒದ್ದರು. ನಾನು "ಯಜ್ಜಾ, ಇದು ಕೆಮಿಸ್ಟ್ರಿ" ಅಂದೆ. ಆ ಮಾತು ಬಾಯಿಂದ ಬೀಳುವಾಗ ಅಪ್ಪ ಗಿರಣಿಯಿಂದ ಬಂದ. ಮೈಯೆಲ್ಲ ತೌಡಿನ ಧೂಳು. ನೆಲದ ಮೇಲೆ ಉರುಳಿದ್ದ ಚೀಲ ನೋಡಿದ. ಬಗ್ಗಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿಕೊಂಡ.

ಆಮೇಲಿನದು ಹೇಳಿದ್ದೇನೆ. ಹೇಳದೆ ಉಳಿದದ್ದು ಇಷ್ಟು: ಮೂರನೆಯ ಏಟನ್ನು ಹಿಡಿದು, ಎಲುಬನ್ನು ಕಿತ್ತುಕೊಂಡು, ನಾನು ಅಪ್ಪನ ಎದೆಗೆ ಕೈಯಿಟ್ಟು ನೂಕಿದೆ. ಅವನು ಒಗೆಯುವ ಕಲ್ಲಿನ ಮೇಲೆ ಬಿದ್ದ, ಎಡ ಹೆಗಲು ಮೊದಲಾಗಿ. ಟಕ್ ಅಂದದ್ದು ನನಗೆ ಕೇಳಿಸಿತು. ಅವ್ವ ಒಳಗಿನಿಂದ ಓಡಿಬಂದು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಆ ಹೆಗಲ ಮ್ಯಾಲೇನಲೇ ಕೆಡವೋದು?" ಎಂದಳು. "ಬ್ಯಾರೆ ಜಾಗ ಸಿಗಲಿಲ್ಲೇನು ನಿನಗ?"

ಆ ಹೆಗಲಿನ ಕಥೆ ನಮ್ಮ ಕೇರಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಆ ಹಳ್ಳಿಯಲ್ಲಿ ಸತ್ತ ದನ ಎಳೆಯುವ ಕೆಲಸ ನಮ್ಮವರದು. ಅಪ್ಪನಿಗೆ ಇಪ್ಪತ್ತು ತುಂಬಿದ ವರ್ಷ, ಬೇವಿನ ಗಿಡದ ಕೆಳಗೆ ಎಲ್ಲರೂ ಕೂತು, ಇನ್ನು ದನ ಎಳೆಯುವುದಿಲ್ಲ, ಎಲುಬು ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಮನೆಗೊಂದರಂತೆ ದನ ಎಳೆಯುವ ಹಗ್ಗ ತಂದು ಒಟ್ಟಿ ಸುಟ್ಟರು. ಎಂಟು ದಿನಕ್ಕೆ ದೊಡ್ಡ ಮನೆಯ ಎತ್ತು ಸತ್ತಿತು. ಯಾರೂ ಹೋಗಲಿಲ್ಲ. ಎರಡು ದಿನಕ್ಕೆ ಎತ್ತಿನ ಹೊಟ್ಟೆ ಉಬ್ಬಿ ಹರಿಯಿತು. ಮೂರನೆಯ ದಿನ ಬೆಳಿಗ್ಗೆ, ಈಗಿನ ದಣಿಯ ಅಪ್ಪ, ಅಂದರೆ ದೊಡ್ಡ ದಣಿ, ಬಂದೂಕು ಹಿಡಿದು ಕೇರಿಗೆ ಬಂದ. ಗುಂಡು ಹಾರಿಸಲಿಲ್ಲ. ಗುಂಡಿಗೆ ಸರ್ಕಾರಕ್ಕೆ ಜವಾಬು ಕೊಡಬೇಕು, ಕುಂದಾಕ್ಕೆ ಯಾರಿಗೂ ಕೊಡಬೇಕಿಲ್ಲ. ಮುಂದೆ ನಿಂತಿದ್ದವನು ಅಪ್ಪ. ದೊಡ್ಡ ದಣಿ ಬಂದೂಕನ್ನು ತಿರುಗಿಸಿ ಒನಕೆಯಂತೆ ಹಿಡಿದು ಅವನ ಎಡ ಹೆಗಲಿನ ಮೇಲೆ ಕುಟ್ಟಿದ. ಮೂರನೆಯ ಏಟಿಗೆ ಹೆಗಲೆಲುಬು ಮುರಿಯಿತು. ಬಾವಿಯ ನೀರು ಬಂದ್ ಆಯಿತು, ಕಿರಾಣಿ ಬಂದ್ ಆಯಿತು. ಹನ್ನೊಂದು ಮನೆ ಅವತ್ತೇ ಗಂಟುಮೂಟೆ ಕಟ್ಟಿ ರಾಯಚೂರಿಗೆ ಬಂದವು. ಅಪ್ಪ ಮೂವತ್ತಕ್ಕೂ ಹೆಚ್ಚು ವರ್ಷ ಬಲ ಹೆಗಲೊಂದರ ಮೇಲೆಯೇ ಚೀಲ ಹೊತ್ತ. ಅವನು ನಡೆದರೆ ಇವತ್ತಿಗೂ ಒಂದು ಕಡೆ ವಾಲಿರುತ್ತಾನೆ.

ಅಪ್ಪ ಎದ್ದು ಮೈ ಕೊಡವಿಕೊಂಡ. ಬೈಯಲಿಲ್ಲ. "ನಾ ಪೋತ್ನಾಳಕ ಹೊಂಟೀನಿ" ಎಂದ. "ಈ ಅಂಗಳದಾಗ ಎಲುಬು ಬಿದ್ದ ಮ್ಯಾಲ ಇದು ನನ್ನ ಮನಿ ಅಲ್ಲ." ಪೋತ್ನಾಳದಲ್ಲಿ ಅವನ ತಂಗಿ ಇದ್ದಾಳೆ. ಒಂದು ಚೀಲದಲ್ಲಿ ಎರಡು ಪಂಚೆ ಇಟ್ಟುಕೊಂಡು ಹೋಗೇಬಿಟ್ಟ.

ಅವ್ವ ಹಿತ್ತಲನ್ನು ಸೆಗಣಿ ಹಾಕಿ ಸಾರಿಸಿದಳು. ನನಗೆ ಊಟ ಬಡಿಸಿ ಹೊರಗೆ ಹೋಗಿ ಕೂಡುತ್ತಿದ್ದಳು. ಹದಿನೈದು ದಿನ ಕಳೆದವು. ನಾನು ಡಿಗ್ರಿ ಪಡೆದ ದಿನ ಅಪ್ಪ ಗಿರಣಿಯ ಹಮಾಲರಿಗೆಲ್ಲ ಚಹಾ ಕುಡಿಸಿ, ಸರ್ಟಿಫಿಕೇಟನ್ನು ಬನಿಯನ್ನಿನೊಳಗೆ ಇಟ್ಟುಕೊಂಡು ಓಣಿ ತಿರುಗಿದ್ದ. ಅಂಥವನು ನನ್ನ ಕಾರಣಕ್ಕೆ ಮನೆ ಬಿಟ್ಟಿದ್ದಾನೆ ಎಂದರೆ ಆ ಕಾಗದ ಯಾತಕ್ಕೆ ಬಂತು? ಅವನು ವಾಪಸ್ ಬರಬೇಕು, ನನಗೆ ಬೇರೇನೂ ಬೇಡವಾಗಿತ್ತು. ಬಂದೂಕನ್ನು ಹಾಗೆಯೇ ತಿರುಗಿ ಕೊಟ್ಟುಬಿಡುತ್ತೇನೆ ಎಂದು ನಿಶ್ಚಯ ಮಾಡಿ ಪೋತ್ನಾಳದ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. "ಬಾರಪ್ಪಾ ಎಲುಬಿನ ಇಂಜಿನೇರ. ಈ ಮನಿಗಿ ಏನು ತಂದಿ, ಕೊಂಬೇನು?"

ಅಪ್ಪ ಭತ್ತದ ಗದ್ದೆಯ ಬದುವಿನ ಮೇಲೆ ಕೂತಿದ್ದ. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ, ಕೂಸನ್ನು ಇಟ್ಟುಕೊಂಡ ಹಾಗೆ. ನಾನು ಕೂತು ಎಲ್ಲ ಹೇಳಿದೆ. ಯಾವ ಊರಿನ ಬಂದೂಕು, ಯಾವ ಮನೆಯದು, ಗೊತ್ತಿದ್ದೂ ಯಾಕೆ ಹಿಡಿದೆ. ಅವನು ಗದ್ದೆ ನೋಡುತ್ತಲೇ ಕೇಳಿದ.

"ಕುಂದಾ ಸೀಳ್ಯದೇನು?"

"ಸೀಳ್ಯದ. ಹಿತ್ತಾಳಿ ತಂತಿ ಸುತ್ಯಾರ."

ಅಪ್ಪ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ, ಕೇಳಲು ಹೆದರಿಕೆಯಾಗುತ್ತಿತ್ತು. "ಮೂರನೇ ಪೆಟ್ಟಿಗಿ ಎರಡೂ ಕೂಡೇ ಸೀಳಿದ್ವು ನೋಡು. ನನ್ನದು ತಂತಿ ಇಲ್ಲದ ಕೂಡಿತು." ಆಮೇಲೆ ನನ್ನ ಕಡೆ ತಿರುಗಿ, "ಆ ಬಣ್ಣಕ್ಕ ಎಲುಬು ಯಾಕ ಬೇಕಲೇ? ಬಿಡಿಸಿ ಹೇಳು" ಎಂದ.

ಹೇಳಿದೆ. ಕೇರಿಯಲ್ಲಿ ಯಾರಿಗೂ ಅರ್ಥವಾಗದ ನನ್ನ ಕೆಮಿಸ್ಟ್ರಿಯನ್ನು ಅಪ್ಪನಿಗೆ ಮೊದಲ ಸಲ ಹೇಳಿದ್ದು ಅಲ್ಲಿ, ಆ ಬದುವಿನ ಮೇಲೆ. ಅವನು ಮಧ್ಯೆ ಮಧ್ಯೆ ಹೂಂಗುಟ್ಟಿದ.

"ಅಂದ್ರ ಎಲುಬು ಇಲ್ಲಂದ್ರ ಅವರ ಬಂದೂಕಿಗಿ ಬಣ್ಣ ಇಲ್ಲ."

"ಇಲ್ಲ. ಆದ್ರ ಇದನ್ನ ಮೊದಲು ಮಾಡಿದ್ದು ವಿಲಾಯತಿ ಮಂದಿ."

"ಅಲ್ಲೀನೂ ಎಲುಬು ಯಾರೋ ಹೊತ್ತಿರ್ತಾರಲ್ಲಲೇ. ಬಂದೂಕು ಹಿಡದಾವ ಹೊತ್ತಿರ್ತಾನೇನು?"

ಬಂದೂಕನ್ನು ತಿರುಗಿ ಕೊಡುತ್ತೇನೆ ಅಂದೆ. ಅಪ್ಪ ಕೈ ಅಡ್ಡ ಬೀಸಿದ.

"ಕೊಡಬ್ಯಾಡ. ಫೋನ್ ಹಚ್ಚು ಅವಗ. ಬಣ್ಣ ಬೇಕಂದ್ರ ಎಲುಬು ಅವ ತರಲಿ. ಅವರ ಮನಿ ಎತ್ತಿಂದ ಆಗಬೇಕು. ಅವನ ಹೆಗಲ ಮ್ಯಾಲ ಬರಬೇಕು. ಆಳಿನ ಕೈಲೆ ಕಳಿಸಿದ್ರ ನಡಿಯಂಗಿಲ್ಲ."

"ತರಲಿಲ್ಲಂದ್ರ?"

"ತರಲಿಲ್ಲಂದ್ರ ಬೂದಿಬಡಕ ಬಂದೂಕ ಪೂಜಿ ಮಾಡಲಿ."

ಮರುದಿನದಿಂದ ಅಪ್ಪ ದಿನಾ ಬೆಳಗಿನ ಬಸ್ಸಿಗೆ ರಾಯಚೂರಿಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂಡತೊಡಗಿದ. ಸಂಜೆಗೆ ನಾನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದೆ, ಪೋತ್ನಾಳಕ್ಕೆ ಹೋಗುತ್ತಿದ್ದ. ಮನೆಯ ಕಡೆ ಕಾಲಿಡಲಿಲ್ಲ. ಉಸ್ತಾದರು ಮೊದಲ ದಿನ ಗೊಣಗಿದರು: "ಗಿರಾಕಿ ಓಡಿಸ್ತೀರಲ್ಲೋ ಬೇಟಾ ಅಪ್ಪ ಮಗ ಕೂಡಿ!" ಎರಡನೆಯ ದಿನದಿಂದ ಅಪ್ಪನಿಗೂ ಒಂದು ಚಹಾ ಹೇಳತೊಡಗಿದರು.

ಫೋನು ಮಾಡಿದ ಮೂರನೆಯ ದಿನ ದಣಿ ಇಬ್ಬರನ್ನು ಕರೆದುಕೊಂಡು ಬಂದ. ಆ ಹೊತ್ತಿಗೆ ಅಪ್ಪ ನೀರು ತರಲು ಹೋಗಿದ್ದ. ದಣಿ ಮೇಜು ದಾಟಿ ಬಂದು ನನ್ನ ಕಾಲರು ಹಿಡಿದ. ಮುಖವನ್ನು ಮೇಜಿಗೆ ಬಡಿದ. ಅಲ್ಲಿ ತುಂಡುಗಳನ್ನು ಬಿಗಿಹಿಡಿಯುವ ಕಬ್ಬಿಣದ ಪಟ್ಟು ಇತ್ತು. ತುಟಿ ಒಡೆದು, ಮುಂದಿನ ಹಲ್ಲೊಂದು ಒಳಕ್ಕೆ ಬಾಗಿತು. ರಕ್ತದ ರುಚಿಯೊಳಗೆ ಅರದ ಪುಡಿಯ ರುಚಿಯೂ ಇತ್ತು. ಅವನ ಜೊತೆಗೆ ಬಂದವನೊಬ್ಬ ಗಾಜಿನ ಕಪಾಟಿಗೆ ಮೊಣಕೈ ಹಾಕಿದ, ಗಾಜು ಉದುರಿತು.

"ನನಗ ಎಲುಬು ಹೊರಸ್ತೀ ಏನಲೇ? ನನಗ? ಈಗ ಗೊತ್ತಾತು ನೀ ಯಾವ ಪೈಕಿ ಅಂತ."

ನನ್ನ ಕೈಗೆ ಅರ ಸಿಕ್ಕಿತ್ತು. ಮೊನಚು ಬಾಲದ ಅರ. ಅವನ ತೊಡೆ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಇನ್ನೊಂದು ಉಸಿರಿನಷ್ಟು ಹೊತ್ತು ಉಸ್ತಾದರು ಸುಮ್ಮನಿದ್ದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವರು ನಳಿಗೆ ತಿಕ್ಕುವ ಉದ್ದನೆಯ ಗಜ ಹಿಡಿದು ಎದ್ದುನಿಂತರು. ಕಣ್ಣು ಕಾಣದ ಮನುಷ್ಯ, ನೇರ ದಣಿಯ ಗಂಟಲಿಗೆ ಅದರ ತುದಿ ಇಟ್ಟರು.

"ಸಾಹೇಬ್ರ, ಇದು ಲೈಸೆನ್ಸ್ ದುಕಾನ. ಇಲ್ಲಿ ಗಲಾಟಿ ಆದ್ರ ಮೊದಲು ನಿಮ್ಮ ಲೈಸೆನ್ಸ್ ಹೋಗ್ತದ, ಆಮ್ಯಾಲ ನಂದು. ಬಂದೂಕು ನಿಮ್ಮದು. ತಗೊಂಡು ನಡೀರಿ. ಬಾಡಿ ಬತ್ತಲೆ ಅದ, ಎರಡು ದಿನಕ್ಕ ಕೆಂಪು ತುಕ್ಕು ಏರ್ತದ. ಹಂಗ ಇಡ್ರಿ ಪೂಜಿಗಿ, ಬೀಗರು ನೋಡ್ಲಿ."

ದಣಿ ಮೇಜಿನ ಮೇಲಿನ ತುಂಡುಗಳನ್ನು ನೋಡಿದ. ತಿಕ್ಕಿ ಕನ್ನಡಿಯಾದ ಬಾಡಿ, ಚರ್ಮ ಸುಲಿದ ಹಾಗೆ ಬೆಳ್ಳಗೆ ಬಿದ್ದಿತ್ತು. ಬೇರೆ ಜಿಲ್ಲೆಗೆ ಬಂದೂಕು ಒಯ್ಯಬೇಕೆಂದರೆ ಕಚೇರಿ ಅಲೆದು ಕಾಗದ ಮಾಡಿಸಬೇಕು, ಮಾನವಮಿ ಇಪ್ಪತ್ತು ದಿನವೂ ಇರಲಿಲ್ಲ. ಬಂದೂಕನ್ನು ಅಲ್ಲೇ ಬಿಟ್ಟು ಹೋದ. ಅಪ್ಪ ನೀರು ತಂದು, ನನ್ನ ಬಾಯಿ ನೋಡಿ, ಕೊಡ ಕೆಳಗಿಟ್ಟ. "ತೊಳ್ಕೊ" ಎಂದ.

ವಾರ ಬಿಟ್ಟು ಚೀಲ ಬಂತು. ಹೊತ್ತು ತಂದವನು ದಣಿಯ ತೋಟ ಕಾಯುವ ಆಳು. ನಮ್ಮವನೇ, ಊರು ಬಿಡದೆ ಉಳಿದ ಮನೆಗಳವನು. ನೆತ್ತಿಯ ಬೆವರು ಕಣ್ಣಿಗಿಳಿಯುತ್ತಿತ್ತು.

"ಇಳಸ್ಲೇನ್ರಿ?"

"ಇಳಸಬ್ಯಾಡ ತಮ್ಮಾ" ಎಂದ ಅಪ್ಪ. "ಬಂದೂಕು ನಿಂದೇನು?"

"ಅಲ್ಲ ಯಪ್ಪಾ. ದಣೇರದು."

"ಮತ್ತ ನೀ ಯಾಕ ಹೊತ್ತಿ? ಕುಂದ್ರು, ಚಹಾ ಕುಡಿ. ಕುಡದು ಇದನ್ನ ಓಣಿ ತುದ್ಯಾಗ ನಿಂತ ನಿಮ್ಮ ದಣಿ ಕಾರಿನ್ಯಾಗ ಒಯ್ದು ಇಡು. ಅಲ್ಲಿಂದ ಇಲ್ಲೀತನ ಬಂದೂಕಿನ ಮಾಲಕ ತರಲಿ."

ಆಳು ಚಹಾ ಕುಡಿಯುವಾಗ ಹೇಳಿದ: ಟ್ರಾಕ್ಟರು ಬಂದ ಮೇಲೆ ಆ ಮನೆಯಲ್ಲಿ ಉಳಿದದ್ದು ಒಂದೇ ಜೋಡಿ ಎತ್ತು, ಹೋದ ವರ್ಷ ಒಂದು ಸತ್ತು ಹಳ್ಳದ ದಂಡೆಯಲ್ಲಿ ಬಿದ್ದಿತ್ತು, ಎಲುಬು ಅದರದ್ದೇ. ಇನ್ನೊಂದು ಮಾತೂ ಹೇಳಿದ. ದಣಿಗೆ ಬಂದೂಕು ಹಾರಿಸಲು ಬರುವುದೇ ಇಲ್ಲ. ಹಂದಿ ಬಂದಾಗ ಬೆದರಿಸುವುದು, ಹಾರಿಸುವುದು ಎಲ್ಲ ತಾನೇ. ಅದಕ್ಕೆ ಸರ್ಕಾರದ ಕಾಗದದಲ್ಲಿ ತನ್ನ ಹೆಸರೂ ಇದೆಯಂತೆ.

ಅವನು ಚೀಲ ಹೊತ್ತು ತಿರುಗಿ ಹೋದ. ಓಣಿಯ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತರು, ಇಂಥ ಸುದ್ದಿಗೆ ಕಾಲಿರುತ್ತದೆ. ಅರ್ಧ ಗಂಟೆ ಏನೂ ಆಗಲಿಲ್ಲ. ಕಾರು ಹೊರಟು ಹೋಯಿತು ಅಂದುಕೊಂಡೆ. ಆಮೇಲೆ ಹೂವಿನ ಅಂಗಡಿಯವಳು "ಬಂದಾ, ಬಂದಾ" ಎಂದಳು.

ದಣಿ ನಡುಮಧ್ಯಾಹ್ನದ ಬಿಸಿಲಲ್ಲಿ ಬರುತ್ತಿದ್ದ. ಚೀಲ ಎಡ ಹೆಗಲ ಮೇಲೆ. ಹೊರುವುದು ಗೊತ್ತಿಲ್ಲದವನು ಹೊತ್ತ ಹಾಗೆ ಹೊತ್ತಿದ್ದ, ಕುತ್ತಿಗೆ ಸೊಟ್ಟ ಮಾಡಿಕೊಂಡು, ಎರಡೂ ಕೈಯಿಂದ ತಬ್ಬಿ. ನಡೆದ ಹಾಗೆಲ್ಲ ಒಳಗಿನ ಎಲುಬು ಒಂದಕ್ಕೊಂದು ಬಡಿದು ಸಪ್ಪಳವಾಗುತ್ತಿತ್ತು. ಚೀಲದ ತೂತಿನಿಂದ ಒಂದು ಪಕ್ಕೆಲುಬು ಹೊರಚಾಚಿ ಅವನ ಕಿವಿಗೆ ತಿವಿಯುತ್ತಿತ್ತು. ಯಾರೂ ನಗಲಿಲ್ಲ. ಮಿಠಾಯಿ ಅಂಗಡಿಯವನು ಒಳಗೆ ಹೋಗಿಬಿಟ್ಟ. ಅಂಗಡಿಯ ಮೆಟ್ಟಿಲಿಗೆ ಬಂದು ದಣಿ ಚೀಲವನ್ನು ಧೊಪ್ಪನೆ ಕೆಡವಿದ. ಬಿಳಿ ಅಂಗಿಯ ಹೆಗಲಿನ ಮೇಲೆ ಹಳದಿ ಕಲೆ.

"ಆತೇನು?" ಎಂದ ಏದುಸಿರು ಬಿಡುತ್ತ. "ಯಾರಲೇ ಮುದಕಾ ನೀನು?"

ಅಪ್ಪ ಬೆಂಚಿನಿಂದ ಏಳಲಿಲ್ಲ. "ನಿಮ್ಮಪ್ಪಗ ಗೊತ್ತಿತ್ತು."

ದಣಿಯ ಕಣ್ಣು ಅಪ್ಪನ ವಾಲಿದ ಹೆಗಲಿಗೆ ಹೋಯಿತು, ಅಲ್ಲಿಂದ ಗೋಡೆಗೆ ಒರಗಿಸಿದ್ದ ಕುಂದಾಕ್ಕೆ. ಅವನು ಆಗ ಹುಡುಗನಿದ್ದಿರಬೇಕು, ಆದರೆ ನೋಡಿರಬೇಕು. ಕಿವಿ ಒರೆಸಿಕೊಂಡು ಹೋದ.

ಆ ಎಲುಬನ್ನು ಊರಾಚೆಯ ಇಟ್ಟಿಗೆ ಭಟ್ಟಿಯ ಹತ್ತಿರ ಸುಟ್ಟೆ. ಮೊದಲೇ ಹಾಗೆ ಮಾಡಬೇಕೆಂದು ನನ್ನ ಬುದ್ಧಿಗೆ ಹೊಳೆದಿದ್ದರೆ ಕಿವಿಯ ಹಿಂದೆ ಗುರುತು ಇರುತ್ತಿರಲಿಲ್ಲ. ಕಪ್ಪು ಇದ್ದಿಲನ್ನು ಕುಟ್ಟಿ ಜೋಳದ ನುಚ್ಚಿನಷ್ಟು ಮಾಡಿ, ಮರದ ಇದ್ದಿಲಿನೊಂದಿಗೆ ಬೆರೆಸಿ, ಅಂಗಡಿಯ ಹಿಂದಿನ ಭಟ್ಟಿಯ ಮುಂದೆ ಪೆಟ್ಟಿಗೆ ತುಂಬಲು ಕೂತೆ. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಬಾಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಇದು ಒಡೀತದೇನು?"

"ಕಾವು ತಪ್ಪಿದ್ರ ನೀರಾಗ ಸೀಳ್ತದ. ಇಲ್ಲಾ ಸೊಟ್ಟ ಆಗ್ತದ."

"ಅದಲ್ಲ. ಚಂದ ಕಂಡು, ಹಾರಿಸಿದಾಗ ಒಡಿಯೋ ಹಂಗ ಮಾಡಾಕ ಬರ್ತದೇನು?"

ಸುಳ್ಳು ಹೇಳುವುದಿಲ್ಲ, ತುಟಿ ಒಡೆದ ದಿನದಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ. ಎಷ್ಟು ಕಾವು ಹೆಚ್ಚಿದರೆ ಉಕ್ಕು ಗಾಜಿನ ಗುಣ ಪಡೆಯುತ್ತದೆ, ಯಾವ ಮೂಲೆಯಲ್ಲಿ ಮೊದಲು ಬಿರಿಯುತ್ತದೆ, ಎಲ್ಲ ಗೊತ್ತಿತ್ತು. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕು. ಆಮೇಲೆ ಮುಖ, ಕಣ್ಣು, ಹೆಬ್ಬೆರಳು.

"ಬರ್ತದ" ಅಂದೆ.

ಅಪ್ಪ ಬೆರಳಿನಿಂದ ಇದ್ದಿಲನ್ನು ಕೆದಕುತ್ತಿದ್ದ. ಆಣೆ ಮಾಡಿದ ಮೇಲೆ ಅವನು ಎಲುಬನ್ನು ಮುಟ್ಟಿದ್ದು ಅದು ಎರಡನೆಯ ಸಲ. ಮೊದಲನೆಯದು ನನ್ನನ್ನು ಹೊಡೆದಾಗ.

"ಹಾರಿಸಾವ ಆ ಚಹಾ ಕುಡದ ಹುಡುಗ" ಎಂದ ಕೊನೆಗೆ. "ಒಡದ್ರ ಅವನ ಮಾರಿ ಒಡೀತದ. ದಣೀದು ಅಲ್ಲ. ಗಟ್ಟಿ ಮಾಡು. ಎಷ್ಟು ಗಟ್ಟಿ ಆಗ್ತದ ಅಷ್ಟು ಮಾಡು."

ಎರಡೂವರೆ ಗಂಟೆ ಭಟ್ಟಿ ಉರಿಯಿತು. ಪೆಟ್ಟಿಗೆ ಹಣ್ಣಾದ ತೊಂಡೆಕಾಯಿಯ ಬಣ್ಣಕ್ಕೆ ಬಂತು. ಡ್ರಮ್ಮಿನ ನೀರಿನೊಳಗೆ ಉಸ್ತಾದರು ಪಂಪಿನಿಂದ ಗಾಳಿ ಬಿಡುತ್ತಿದ್ದರು, ನೀರು ಕುದಿವ ಹಾಗೆ ಕೊತಗುಟ್ಟುತ್ತಿತ್ತು. ಆ ಗುಳ್ಳೆಗಳೇ ಬಣ್ಣವನ್ನು ಚದುರಿಸಿ ಮೋಡ ಮಾಡುವುದು. ನಾನು ಇಕ್ಕಳದಿಂದ ಪೆಟ್ಟಿಗೆ ಎತ್ತಿದೆ. ಗಾಳಿ ತಾಗಿದರೆ ಬಣ್ಣ ಕೆಟ್ಟಿತು, ಅಂಚು ತಪ್ಪಿದರೆ ಕಾಲು ಹೋಯಿತು. ಡ್ರಮ್ಮಿನ ಬಾಯಿಗೆ ಹಿಡಿದು ಮಗುಚಿದೆ.

ಧಡ್ ಎಂದು ಡ್ರಮ್ಮು ನೆಲದಿಂದ ಎದ್ದಿತು. ಬಿಸಿನೀರು ಮತ್ತು ಕಪ್ಪು ಪುಡಿ ಮುಖಕ್ಕೆ ರಾಚಿತು. ಉಗಿಯೊಳಗೆ ಉಸ್ತಾದರು "ಯಾ ಅಲ್ಲಾ" ಅಂದದ್ದು ಕೇಳಿಸಿತು. ನಾನು ಕಿವಿಗೊಟ್ಟದ್ದು ಒಂದೇ ಸಪ್ಪಳಕ್ಕೆ, ಟಣ್ ಎಂಬ ಸಣ್ಣ ಸಪ್ಪಳ, ಬಿರುಕು ಬಿಟ್ಟರೆ ಬರುವುದು. ಬರಲಿಲ್ಲ. ತೋಳು ಮುಳುಗಿಸಿ ತಡಕಿ ಹೊರಗೆ ತೆಗೆದೆ. ಬಟ್ಟೆಯಿಂದ ಒಂದು ಸಲ ಒರೆಸಿದೆ.

ನೀಲಿ ಬಂದಿತ್ತು. ನೇರಳೆ ಬಂದಿತ್ತು. ನೀಲಿಯ ಅಂಚಿಗೆ ಕಂದು, ಕಂದಿನ ಅಂಚಿಗೆ ಹಳದಿ, ಪೆಟ್ಟು ತಿಂದ ಮೈಯ ಮೇಲೆ ಮೂರನೆಯ ದಿನ ಏಳುವ ಬಣ್ಣಗಳ ಹಾಗೆ. ಅರ ಹಾಕಿ ನೋಡಿದೆ, ಅರ ಜಾರಿತು. ಅಷ್ಟು ಗಟ್ಟಿ. ಉಸ್ತಾದರು ಕಣ್ಣಿಗೆ ತೀರ ಹತ್ತಿರ ಹಿಡಿದು, "ನನ್ನ ತಾತನ ಕೈಯಾಗೂ ಇಂಥದ್ದು ನೋಡಿಲ್ಲ" ಎಂದರು. ಇದನ್ನೂ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಬಣ್ಣ ನನ್ನದು. ನಾನು ಓದಿದ್ದರಿಂದ ಬಂದದ್ದು.

ಅಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಅವನ ಹುಬ್ಬಿನ ಮೇಲೆ ಬಿಸಿನೀರು ಸಿಡಿದು ಬೊಬ್ಬೆ ಏಳುತ್ತಿತ್ತು.

"ಛಲೋ ಆಗ್ಯದ" ಎಂದ. ತುಸು ತಡೆದು ಹೇಳಿದ: "ನೀ ನನ್ನ ನೂಕಿದ್ದು ನಾ ಮರ್ತಿಲ್ಲ ಮತ್ತ."

"ನೀ ಹೊಡದದ್ದು ನಾನೂ ಮರ್ತಿಲ್ಲ."

"ಮರೀಬ್ಯಾಡ."

ಸಂಜೆ ಐದಕ್ಕೆ ಎಂದಿನಂತೆ ಬೈಕು ತೆಗೆದೆ. ಅಪ್ಪ ಹಿಂದೆ ಕೂತು, ಬಲಗೈಯಿಂದ ನನ್ನ ಸೊಂಟದ ಬಳಿ ಅಂಗಿ ಹಿಡಿದುಕೊಂಡ. ಇಬ್ಬರ ಮೈಯಿಂದಲೂ ಇದ್ದಿಲಿನ ವಾಸನೆ ಬರುತ್ತಿತ್ತು. ಬಜಾರ ದಾಟಿ ಸರ್ಕಲ್ಲಿಗೆ ಬಂದೆವು. ಬಸ್‌ಸ್ಟ್ಯಾಂಡು ಬಲಕ್ಕೆ, ನಾನು ಬಲಗಡೆಯ ದೀಪ ಹಾಕಿದೆ.

ಹಿಂದಿನಿಂದ ಅಪ್ಪ ಅಂಗಿ ಜಗ್ಗಿದ. "ಎಡಕ್ಕ ಹೊಳ್ಳಸಲೇ" ಎಂದ. "ನಿಮ್ಮವ್ವ ರೊಟ್ಟಿ ಬಡಿಯೋ ಹೊತ್ತಾತು."